ಮೂವತ್ತು ದಿನಕ್ಕೊಂದು ಅಮಾವಾಸ್ಯೆ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಬೆಂಚು ಹುಡುಕಿದರೆ ನಾನು ಮೂರು ಹೆಜ್ಜೆ ಅತ್ತ, ಮೂರು ಹೆಜ್ಜೆ ಇತ್ತ ಓಡಾಡುತ್ತಿರುತ್ತೇನೆ. ನನ್ನ ಕಾಲಿನಲ್ಲಿ ಚಕ್ರ ಇದೆ ಎಂದು ಅಮ್ಮಿ ಚಿಕ್ಕಂದಿನಿಂದಲೂ ಬೈಯುತ್ತ ಬಂದಿದ್ದಾಳೆ. ನಲವತ್ತು ದಾಟಿದ ಮೇಲಾದರೂ ಅದು ನಿಂತೀತೆಂದು ಆಕೆ ಕಾದಳು. ನಿಲ್ಲಲಿಲ್ಲ.

ಕೆಲಸವೂ ಅಂಥದ್ದೇ ಸಿಕ್ಕಿತು. ರಾಯಚೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಆಪ್ತ ಸಮಾಲೋಚಕಿ. ಗಂಡ ಹೆಂಡತಿ ಮುನಿಸಿಕೊಂಡು ಬೇರೆಯಾದಾಗ, ಕೋರ್ಟಿನ ಮೆಟ್ಟಿಲು ಹತ್ತುವ ಮುನ್ನ ಇಬ್ಬರನ್ನೂ ಕೂರಿಸಿ ಮಾತಾಡಿಸುವುದು ನನ್ನ ಪಾಲಿನ ಕೆಲಸ. ರಾಯಚೂರಿನಲ್ಲಿ ಆಫೀಸು, ದೇವದುರ್ಗದಲ್ಲಿ ಒಂದು ಕೋಣೆ, ಮಾನ್ವಿಯಲ್ಲಿ ಒಂದು ಕೋಣೆ. ಮಾತಾಡಿಸುವುದು ಕಷ್ಟವಲ್ಲ. ಎಲ್ಲರನ್ನೂ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಕೋಣೆಗೆ ತರುವುದಿದೆಯಲ್ಲ, ಅದರಲ್ಲೇ ಜೀವ ಹೋಗುತ್ತದೆ. ಗಂಡನಿಗೆ ಹೇಳಿದರೆ ಹೆಂಡತಿಗೆ ಮರೆತಿರುತ್ತದೆ, ಹೆಂಡತಿಗೆ ಹೇಳಿದರೆ ಅವಳ ಅಣ್ಣನಿಗೆ ಆಗಿಬರುವುದಿಲ್ಲ. ಇಡೀ ದಿನ ಫೋನಿನಲ್ಲಿ ಒಂದೇ ಪ್ರಶ್ನೆ: ಯಾವಾಗರೀ, ಯಾವಾಗರೀ, ಯಾವಾಗರೀ.

ಅಂಥ ಹೊತ್ತಿನಲ್ಲಿ ಆಫೀಸಿಗೆ ಹೊಸ ಲ್ಯಾಪ್‌ಟಾಪ್ ಬಂತು, ಅದರಲ್ಲಿ ಕ್ಯಾಲೆಂಡರ್ ಇತ್ತು. ಒಂದು ಮೀಟಿಂಗ್ ಹಾಕಿ ಅದರ ಕೆಳಗಿನ ‘ರಿಪೀಟ್’ ಒತ್ತಿದರೆ ಅದು ತಾನೇ ತಾನಾಗಿ ವಾರವಾರವೂ ಬಂದು ಕೂರುತ್ತದೆಂದು ತಿಳಿದ ದಿನ ನನಗಾದ ಸಂತೋಷ ಇಷ್ಟಿಷ್ಟಲ್ಲ. ಸೋಮವಾರ ಆಫೀಸಿನ ಮೀಟಿಂಗ್, ರಿಪೀಟ್. ಎರಡನೇ ಶನಿವಾರ ಯಾಪಲದಿನ್ನಿ ಭೇಟಿ, ರಿಪೀಟ್. ಯಾವಾಗ ಮುಗಿಯಬೇಕು ಎಂದು ಅದು ಕೇಳುತ್ತಿತ್ತು, ನಾನು ‘ನೆವರ್’ ಒತ್ತುತ್ತಿದ್ದೆ. ಹಿಂದಿನ ದಿನ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಫೋನು ಟಿಣ್ ಎನ್ನುವುದು, ನಾನು ಸಂಬಂಧಪಟ್ಟವರಿಗೆಲ್ಲ ಫೋನ್ ಮಾಡುವುದು. ಕೋಣೆ ತೆರೆಯುವವರ ಮೊಬೈಲಿಗೂ ಅದೇ ಸುದ್ದಿ ಹೋಗುತ್ತಿತ್ತು. ಆಫೀಸಿನವರು ನನಗೆ ರಿಪೀಟ್ ಅಕ್ಕ ಎಂದು ಹೆಸರಿಟ್ಟರು. ನಾನು ಅದನ್ನು ಬಿರುದೆಂದೇ ತಿಳಿದೆ.

ಆ ವರ್ಷ ಮಳೆಗಾಲದ ಆರಂಭದಲ್ಲಿ ಒಂದು ಜೋಡಿ ಬಂತು. ಗಂಡ ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿ, ಅಕ್ಕಿ ಚೀಲ ಹೊರುವವನು. ಹೆಂಡತಿ ಎರಡು ವರ್ಷದಿಂದ ದೇವದುರ್ಗದ ತವರಿನಲ್ಲಿದ್ದಳು. ಒಬ್ಬಳೇ ಮಗಳು, ಒಂದನೇ ಇಯತ್ತೆ. ಮತ್ತೆ ಕೂಡಿ ಬಾಳುವ ಮಾತು ಇಬ್ಬರಲ್ಲೂ ಇರಲಿಲ್ಲ. ಅವನು ಕೇಳಿದ್ದು ಒಂದೇ, ತಿಂಗಳಿಗೊಮ್ಮೆ ಮಗಳನ್ನು ನೋಡಬೇಕು.

ಎರಡೂ ಕಡೆಯ ಹಿರಿಯರು ದೇವದುರ್ಗದ ನಮ್ಮ ಕೋಣೆಯಲ್ಲಿ ಕೂತರು. ಭಾನುವಾರ ಎಂದರೆ ಅವನಿಗಾಗದು, ಭಾನುವಾರವೇ ಲಾರಿ ತುಂಬುವುದು ಹೆಚ್ಚು. ಅವನ ಮಿಲ್ಲು ನಿಲ್ಲುವುದು ಅಮಾವಾಸ್ಯೆಗೆ ಮಾತ್ರ. ಅಂದು ಯಂತ್ರಕ್ಕೆ ಪೂಜೆ, ಹಮಾಲರಿಗೆ ಸೂಟಿ. ಹಾಗಾದರೆ ಅಮಾಸಿಗೊಮ್ಮೆ ಹನ್ನೊಂದರಿಂದ ನಾಲ್ಕರತನಕ ಅಪ್ಪ ಮಗಳು ಈ ಕೋಣೆಯಲ್ಲಿ ಇರಲಿ ಎಂದು ಹಿರಿಯರು ತೀರ್ಮಾನ ಮಾಡಿದರು. ಆದರೆ ಹೇಳದೆ ಕೇಳದೆ ಎರಡು ಸಲ ತಪ್ಪಿಸಿದನೋ, ಆಮೇಲೆ ಮಗಳ ಹೆಸರೆತ್ತಕೂಡದು. ಹಿಂದೆ ಅವನು ಬರುತ್ತೇನೆಂದು ಹೇಳಿ ಬಾರದೆ, ಮಗು ಹೊಸ್ತಿಲಲ್ಲಿ ಕೂತು ಕೂತು ನಿದ್ದೆ ಹೋದದ್ದು ಉಂಟಂತೆ. ಹೆಂಡತಿ ತನ್ನದೂ ಒಂದು ಷರತ್ತು ಹಾಕಿದಳು.

“ನೀವು ಫೋನ್ ಮಾಡಿ ಹೇಳಿದ ದಿನ ಅಷ್ಟ ಕರಕೊಂಡು ಬರ್ತೀನ್ರಿ ಅಕ್ಕಾರ. ಅವರ ಮಾತಿನ ಮ್ಯಾಲ ನಾ ಇನ್ನ ಹೊಸ್ತಿಲ ದಾಟಂಗಿಲ್ಲ.”

ಅವನು ತಲೆ ತಗ್ಗಿಸಿ ಹೂಂ ಎಂದ. ಅಂದರೆ ಆ ತಂದೆಗೆ ಮಗಳು ಕಾಣುವುದು ಬಿಡುವುದು ನನ್ನ ಒಂದು ಫೋನಿನ ಮೇಲೆ ನಿಂತಿತ್ತು. ನನ್ನ ಫೋನು ಆ ಕ್ಯಾಲೆಂಡರಿನ ಮೇಲೆ.

ಮೊದಲ ಭೇಟಿ ಮಣ್ಣೆತ್ತಿನ ಅಮಾವಾಸ್ಯೆಗೆ. ಅವನು ಮಾನ್ವಿಯಿಂದ ಸಿರವಾರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ, ಟವಲ್ಲಿನಲ್ಲಿ ಸುತ್ತಿಕೊಂಡು ಒಂದು ಜೋಡಿ ಮಣ್ಣಿನ ಎತ್ತು ತಂದಿದ್ದ. ಒಂದರ ಕೊಂಬು ಬಸ್ಸಿನ ನೂಕಾಟದಲ್ಲಿ ಮುರಿದಿತ್ತು. ಮಗಳು ಅದನ್ನೇ ಎದೆಗವಚಿಕೊಂಡು ಕೂತಳು. ಅಪ್ಪನ ಹತ್ತಿರ ಹೋಗಲು ಒಂದು ಗಂಟೆ ಬೇಕಾಯಿತು, ಹೋದ ಮೇಲೆ ಬಿಟ್ಟು ಬರಲು ಇನ್ನೊಂದು ಗಂಟೆ.

ಅವತ್ತು ರಾಯಚೂರಿಗೆ ಮರಳುವ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅವರ ಭೇಟಿಯನ್ನು ಕ್ಯಾಲೆಂಡರಿಗೆ ಹಾಕಲು ಹೊರಟೆ. ದಿನಾಲು ಬೇಕೆ ಎಂದಿತು, ವಾರಕ್ಕೊಮ್ಮೆಯೇ ಎಂದಿತು, ತಿಂಗಳ ಅದೇ ತಾರೀಖಿಗೋ ಅದೇ ವಾರಕ್ಕೋ ಎಂದಿತು. ಅಮಾವಾಸ್ಯೆ ಅದರ ಪಟ್ಟಿಯಲ್ಲಿ ಇರಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡಿ ಒಂದೊಂದೇ ದಿನ ಬರೆದುಕೊಂಡಿದ್ದರೆ ಹತ್ತು ನಿಮಿಷದ ಕೆಲಸ. ಅಷ್ಟು ತಾಳ್ಮೆ ಯಾರಿಗಿದೆ? ಕೆಳಗೆ ‘ಕಸ್ಟಮ್’ ಎಂದಿತ್ತು. ಪ್ರತಿ ಮೂವತ್ತು ದಿನಕ್ಕೊಮ್ಮೆ ಎಂದು ಕೊಟ್ಟೆ. ನೆವರ್ ಒತ್ತಿದೆ. ಗಬ್ಬೂರು ಬರುವಷ್ಟರಲ್ಲಿ ಆ ತಂದೆ ಮಗಳ ಇಡೀ ಆಯುಷ್ಯದ ಅಮಾವಾಸ್ಯೆಗಳನ್ನು ಮುಗಿಸಿಬಿಟ್ಟಿದ್ದೆ.

ಎರಡನೆಯದು ಸರಿಯಾಗಿ ಬಂತು. ಮೂರನೆಯದೂ ಬಂತು. ಮೂರನೆಯ ಸಲ ನಾನೂ ಹೋಗಿದ್ದೆ. ಅವನು ಚೀಲ ಹೊಲಿಯುವ ಸುತಳಿ ದಾರ ತೆಗೆದು ಮಗಳ ಅಂಗಾಲಿಗೆ ಹಿಡಿದು ಅಳತೆ ಮಾಡುತ್ತಿದ್ದ. ಕಚಗುಳಿಯಿಟ್ಟಂತಾಗಿ ಅವಳು ಕಾಲು ಎಳೆದುಕೊಳ್ಳುವಳು, ಅವನು ಮತ್ತೆ ಹಿಡಿಯುವನು. ಕಡೆಗೆ ದಾರಕ್ಕೆ ಗಂಟು ಹಾಕಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಮುಂದಿನ ಅಮಾಸಿಗೆ ಚಪ್ಪಲಿ ಎಂದು ಮಾತಾಯಿತು. ಹುಡುಗಿ ಯಾವ ಬಣ್ಣ ಬೇಕೆಂದು ನಾಲ್ಕು ಸಲ ಬದಲಾಯಿಸಿದಳು.

ನಾಲ್ಕನೆಯದು ಮಹಾಲಯ ಅಮಾವಾಸ್ಯೆ. ಒಂದು ಬೆಳಿಗ್ಗೆ ಒಂಬತ್ತಕ್ಕೆ ಫೋನು ಟಿಣ್ ಎಂದಿತು: ನಾಳೆ ದೇವದುರ್ಗದ ಭೇಟಿ. ಆಟೋದಲ್ಲಿ ಕೂತೇ ಹುಡುಗಿಯ ತಾಯಿಗೆ ಫೋನ್ ಮಾಡಿದೆ.

“ಅಕ್ಕಾರ, ಅಮಾಸಿ ಇವತ್ತಲ್ಲೇನ್ರಿ? ನಮ್ಮವ್ವ ಈಗರ ಪೂಜಿ ಮುಗಿಸಿದ್ಲು.”

ಅಲ್ಲಿ ನಾನು ನಿಲ್ಲಬೇಕಿತ್ತು. ಗೋಡೆಯ ಮೇಲೆ ಒಮ್ಮೆ ಕಣ್ಣಾಡಿಸಿದ್ದರೆ ಸಾಕಿತ್ತು. ನಾನೋ ಅಂದು ಐದು ಕಡೆ ಫೋನ್ ಮಾಡಬೇಕಿದ್ದವಳು, ಅವಸರದವಳು.

“ಎರಡು ದಿನ ಹಿಡದಿರ್ತದವ್ವಾ. ಕಂಪ್ಯೂಟರ್‌ನಾಗ ನಾಳಿ ಅದ. ನಾಳಿನ ಬಾ,” ಎಂದೆ.

ಓದಿದವರು ಹೇಳಿದ ಮೇಲೆ ಮುಗಿಯಿತು ಎಂಬಂತೆ ಅವಳು ಆಗಲ್ರಿ ಎಂದಳು. ಅವನಿಗೆ ನಾನು ಫೋನ್ ಮಾಡುವ ಪದ್ಧತಿಯೇ ಇರಲಿಲ್ಲ. ಅಮಾವಾಸ್ಯೆ ಯಾವಾಗ ಎಂದು ಮಿಲ್ಲಿನ ಹಮಾಲನಿಗೆ ಯಾರು ಹೇಳಬೇಕು?

ಮರುದಿನ ಸಂಜೆ ನಾಲ್ಕರ ಮೇಲೆ ಅವಳದೇ ಫೋನು ಬಂತು. ಬರಲಿಲ್ರಿ ಅಕ್ಕಾರ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಅವನಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಇಂಥವರಿಗೆಲ್ಲ ಬುದ್ಧಿ ಬರುವುದು ಯಾವಾಗ ಎಂದು ಒಬ್ಬಳೇ ಗೊಣಗಿಕೊಂಡು ಅವರ ಫೈಲು ತೆಗೆದು, ‘ತಂದೆ ಗೈರುಹಾಜರು, ಮೊದಲ ಸಲ’ ಎಂದು ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಗೆರೆಯನ್ನೂ ಎಳೆದೆ. ಇನ್ನೊಂದು ಸಲ ತಪ್ಪಿದರೆ ಅವನಿಗೆ ಮಗಳಿಲ್ಲ.

ಮನೆಗೆ ಬಂದಾಗ ಸೂರ್ಯ ಆಗಷ್ಟೇ ಮುಳುಗಿದ್ದ. ಅಮ್ಮಿ ಮಾಳಿಗೆಯ ಮೇಲಿದ್ದಳು. ರೋಜಾ ಉಪವಾಸವಿರಲಿ, ಹಬ್ಬ ಇರಲಿ, ಇಲ್ಲದಿರಲಿ, ಪ್ರತಿ ತಿಂಗಳೂ ಆಕೆ ಹೊಸ ಚಂದ್ರನನ್ನು ನೋಡಿ ದುವಾ ಮಾಡದೆ ಕೆಳಗಿಳಿಯುವವಳಲ್ಲ. ನಾನು ಮೆಟ್ಟಿಲು ಹತ್ತುತ್ತಲೇ ಕೈಮಾಡಿ ಕರೆದಳು. ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ, ಉಗುರು ಕತ್ತರಿಸಿ ಎಸೆದಷ್ಟು, ಚಂದ್ರ ಕಾಣುತ್ತಿತ್ತು. ಈ ಸಲ ತಿಂಗಳು ಇಪ್ಪತ್ತೊಂಬತ್ತಕ್ಕೇ ಮುಗಿಯಿತು ನೋಡು ಎಂದಳು ಅಮ್ಮಿ, ದಖನಿಯಲ್ಲಿ, ಏನೂ ವಿಶೇಷವಲ್ಲದ ದನಿಯಲ್ಲಿ.

ನಾನೂ ನೋಡಿ ತಲೆ ಮೇಲೆ ಸೆರಗು ಎಳೆದುಕೊಂಡೆ. ದುವಾಕ್ಕೆ ಎತ್ತಿದ ಕೈ ಅರ್ಧಕ್ಕೇ ನಿಂತಿತು. ಅಮಾವಾಸ್ಯೆಯ ದಿನ ಚಂದ್ರ ಹೇಗೆ ಕಂಡಾನು? ಇಂದು ಚಂದ್ರ ಕಂಡಿದ್ದಾನೆಂದರೆ ಅಮಾವಾಸ್ಯೆ ನಿನ್ನೆಯೇ ಆಗಿ ಹೋಗಿದೆ.

ಯಾರಾದರೂ ಈ ತಪ್ಪು ಮಾಡಬಹುದಿತ್ತು, ನಾನು ಮಾಡಬಾರದಿತ್ತು. ಇದೇ ಮಾಳಿಗೆಯ ಮೇಲೆ ನಿಂತು, ಇಪ್ಪತ್ತೊಂಬತ್ತೋ ಮೂವತ್ತೋ ಎಂದು ಇಡೀ ಓಣಿಯೊಂದಿಗೆ ಕಾದು ಬೆಳೆದವಳು ನಾನು. ನಾಳೆ ಹಬ್ಬವೋ ಅಲ್ಲವೋ, ಶಾವಿಗೆ ನೆನೆಹಾಕಬೇಕೋ ಬೇಡವೋ ಎಂದು ದೊಡ್ಡವರೆಲ್ಲ ಆಕಾಶ ನೋಡುತ್ತಿದ್ದರು. ಚಂದ್ರನ ತಿಂಗಳು ಒಮ್ಮೆ ಇಪ್ಪತ್ತೊಂಬತ್ತು, ಒಮ್ಮೆ ಮೂವತ್ತು ಎಂದು ನನಗೆ ಅಕ್ಷರ ಬರುವ ಮುನ್ನವೇ ಗೊತ್ತಿತ್ತು. ಅಂಥವಳು ಮೂವತ್ತು ಎಂದು ಬರೆದು ‘ನೆವರ್’ ಒತ್ತಿದ್ದೆ. ನಾಚಿಕೆಯಾಯಿತು, ಅಳುವೂ ಬಂತು. ಅಮ್ಮಿ ಏನಾಯಿತೆಂದು ಕೇಳಿದಳು. ಹೇಳಿದೆ. ಆಕೆ ಬೈಯಲಿಲ್ಲ, ಹೋಗಿ ಆ ಮನುಷ್ಯನ ಮಾಫಿ ಕೇಳು ಎಂದಳು.

ಬೆಳಗಿನ ಮೊದಲ ಬಸ್ಸು ಹಿಡಿದು ದೇವದುರ್ಗಕ್ಕೆ ಹೋದೆ. ಸೀಟಿದ್ದರೂ ಅರ್ಧ ದಾರಿ ನಿಂತೇ ಇದ್ದೆ. ಕೋಣೆ ತೆರೆಯುವ ಆಯಾ ಕಸ ಹೊಡೆಯುತ್ತಿದ್ದಳು. ಅಮಾವಾಸ್ಯೆಯ ದಿನ ಯಾರಾದರೂ ಬಂದಿದ್ದರೇ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಮರುದಿನ ಎಂದಿದ್ದರಿಂದ ಅವತ್ತು ಅವಳು ಈ ಕಡೆ ಸುಳಿದೇ ಇರಲಿಲ್ಲ. ಆಮೇಲೆ ಗೋಡೆಯ ಕಡೆ ಬೆರಳು ಮಾಡಿದಳು.

“ನಿನ್ನಿ ಮುಂಜಾನಿ ಬಾಗಲಾ ತಗಿಯಾಕ ಬಂದ್ರ ಚಿಲಕಕ್ಕ ಒಂದು ಚೀಲ ಕಟ್ಟಿತ್ರಿ. ಯಾರೋ ಮರತು ಹೋಗ್ಯಾರಂತ ಒಳಗ ಮೊಳಿಗೆ ಹಾಕೀನಿ.”

ಪ್ಲಾಸ್ಟಿಕ್ ಚೀಲ. ಬಾಯಿಗೆ ಗಂಟು ಹಾಕಿದ್ದ ಸುತಳಿ ದಾರ ನೋಡಿದ ಕೂಡಲೇ ಗುರುತು ಹತ್ತಿತು. ಒಳಗೆ ಪುಟ್ಟ ಗುಲಾಬಿ ಚಪ್ಪಲಿ. ಅವನು ಅಮಾವಾಸ್ಯೆಯ ದಿನ ಬಂದು, ಬೀಗ ಹಾಕಿದ ಬಾಗಿಲ ಮುಂದೆ ಕಾದು, ಚಪ್ಪಲಿಯನ್ನು ಚಿಲಕಕ್ಕೆ ಕಟ್ಟಿ ಹೋಗಿದ್ದ. ಮರುದಿನ ಮಗಳು ಬಂದು ಅದೇ ಗೋಡೆಗೆ ಒರಗಿ, ಆ ಚೀಲದ ಕೆಳಗೇ ಅಪ್ಪನಿಗಾಗಿ ಕೂತಿದ್ದಳು. ಚೀಲ ಯಾರದೆಂದು ಯಾರಿಗೂ ಗೊತ್ತಿರಲಿಲ್ಲ.

ಚೀಲ ಹಿಡಿದುಕೊಂಡು ಹುಡುಗಿಯ ತಾಯಿಯ ಮನೆಗೆ ಹೋದೆ. ಹುಡುಗಿ ಸಾಲಿಗೆ ಹೋಗಿದ್ದಳು. ತಾಯಿಗೆ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ಅವಳು ಚಪ್ಪಲಿಯನ್ನೇ ನೋಡುತ್ತಾ ನಿಂತಳು. ಗಂಡನ ಬಗ್ಗೆ ಎರಡು ವರ್ಷ ಒಂದು ಒಳ್ಳೆಯ ಮಾತಾಡದವಳಿಗೆ ಅವತ್ತು ಅವನ ಪರವಾಗಿಯೇ ಸಿಟ್ಟು ಬಂತು.

“ನಿನ್ನಿ ಸಂಜಿಕ ಕೂಸಿಗೆ ನಿಮ್ಮಪ್ಪ ಸುಳ್ಳಬುರುಕ ಅಂತ ಅಂದೀನ್ರಿ ನಾನು. ಈಗ ಆ ಮಾತು ಹ್ಯಾಂಗ ವಾಪಸ್ ತಗೋಬೇಕ್ರಿ?”

ಚಪ್ಪಲಿ ಮಗುವಿಗೆ ಕೊಡಲೇ ಎಂದೆ. ಬೇಡ, ಅವರ ಕೈಯಿಂದಲೇ ಕೊಡಿಸಿರಿ ಎಂದಳು. ಹುಡುಗಿ ಎಷ್ಟು ಹೊತ್ತು ಕೂತಿದ್ದಳೆಂದು ಕೇಳಿದೆ. ನಾಲ್ಕರತನಕ, ನೀರು ಕುಡಿಯಲೂ ಎದ್ದಿರಲಿಲ್ಲ ಎಂದಳು. ಕೋಣೆಗೆ ಮರಳಿ ಚೀಲವನ್ನು ಅದೇ ಮೊಳೆಗೆ ಹಾಕಿ, ಸಿರವಾರದ ಬಸ್ಸು ಹತ್ತಿದೆ.

ಮಾನ್ವಿ ಮುಟ್ಟುವಾಗ ಮಧ್ಯಾಹ್ನ. ಮಿಲ್ಲಿನ ಅಂಗಳದಲ್ಲಿ ಲಾರಿ ನಿಂತಿತ್ತು. ತವಡಿನ ಧೂಳಿನಲ್ಲಿ ಎಲ್ಲ ಹಮಾಲರೂ ಒಂದೇ ಬಣ್ಣ. ಅವನೇ ನನ್ನನ್ನು ನೋಡಿ, ಹೊತ್ತ ಚೀಲ ಲಾರಿಗೆ ಹಾಕಿ, ಕೈಯಲ್ಲಿ ಕೊಕ್ಕೆ ಹಿಡಿದುಕೊಂಡೇ ಬಂದ. ಹತ್ತಿರ ಬಂದರೂ ಮುಖ ನೋಡಲಿಲ್ಲ. ನಾನು ತಪ್ಪು ನನ್ನದು ಎಂದೆ. ಮೂವತ್ತು ದಿನದ ಕಥೆ ಹೇಳಿದೆ. ಮಗಳು ಮರುದಿನ ಬಂದು ಕೂತಿದ್ದಳೆಂದೂ ಹೇಳಿದೆ. ಅವನು ಅಂದು ಸಿರವಾರಕ್ಕೆ ಹೋಗುವ ಕೊನೆಯ ಬಸ್ಸಿನತನಕ ಕಾದಿದ್ದನಂತೆ. ಬೀಗ ನೋಡಿದ ಮೇಲೆ, ಎಲ್ಲರೂ ಕೂಡಿ ಈ ಭೇಟಿಯನ್ನೇ ನಿಲ್ಲಿಸಿಬಿಟ್ಟರು ಎಂದುಕೊಂಡನಂತೆ. ಯಾರನ್ನು ಕೇಳುವುದು ಎಂದು ಸುಮ್ಮನಾಗಿ, ನನ್ನ ಫೋನನ್ನೂ ಎತ್ತಿರಲಿಲ್ಲ.

ಬೈಯುತ್ತಾನೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

“ಕೂಸು ಎಷ್ಟೊತ್ತು ಕುಂತಿತ್ರಿ?” ಎಂದ.

ನಾಲ್ಕರವರೆಗೆ ಎಂದೆ. ಅವನು ಕೊಕ್ಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಮುಂದಿನ ಅಮಾವಾಸ್ಯೆಗೆ ಬರುತ್ತೀಯಲ್ಲ ಎಂದು ಕೇಳಿದೆ. ನೋಡ್ತೀನ್ರಿ ಎಂದ. ಲಾರಿಯವನು ಕೂಗಿದ, ಅವನು ಹೋದ. ನಾನು ತವಡಿನ ಧೂಳಿನಲ್ಲಿ ಕೆಮ್ಮುತ್ತಾ ಒಂದಷ್ಟು ಹೊತ್ತು ಅಲ್ಲೇ ಅತ್ತಿತ್ತ ಓಡಾಡಿ, ಬಸ್ ಸ್ಟ್ಯಾಂಡಿಗೆ ಬಂದೆ.

ಆಫೀಸಿನಲ್ಲಿ ಕೆಂಪು ಅಕ್ಷರ ಹೊಡೆದುಹಾಕಿ, ‘ತಂದೆ ಹಾಜರಿದ್ದರು, ಕೋಣೆಗೆ ಬೀಗವಿತ್ತು, ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದೆ. ಕ್ಯಾಲೆಂಡರ್ ತೆರೆದು ಆ ಭೇಟಿಯನ್ನು ಅಳಿಸಲು ಹೋದರೆ, ಇದೊಂದೇ ಅಳಿಸಲೋ, ಇನ್ನು ಮುಂದಿನವನ್ನೋ, ಎಲ್ಲವನ್ನೂ ಅಳಿಸಲೋ ಎಂದು ಕೇಳಿತು. ಎಲ್ಲ ಎಂದೆ. ಸರಿಯಾಗಿ ಆಗಿದ್ದ ಆ ಮೂರು ಭೇಟಿಗಳೂ, ಮಣ್ಣೆತ್ತಿನ ದಿನವೂ, ಅದರೊಂದಿಗೇ ಮಾಯವಾದವು. ಆಮೇಲೆ ಕುರ್ಚಿ ಹತ್ತಿ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು, ಮುಂದಿನ ಅಮಾವಾಸ್ಯೆಗಳನ್ನು ಒಂದೊಂದಾಗಿ ಕೈಯಾರೆ ಲ್ಯಾಪ್‌ಟಾಪಿಗೆ ತುಂಬಿದೆ.

ದೀಪಾವಳಿ ಅಮಾವಾಸ್ಯೆಯವರೆಗಿನ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ನೋಡ್ತೀನ್ರಿ ಎಂದರೆ ಬರುತ್ತಾನೆಂದೋ ಬಾರನೆಂದೋ? ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಮಾಳಿಗೆಗೆ ತಿರುಗುತ್ತಿದ್ದೆ. ನೆಲ ಸವೆದೀತು ಕೂತುಕೋ ಎಂದು ಅಮ್ಮಿ ರೇಗಿದಳು. ಹಿಂದಿನ ದಿನ ಹುಡುಗಿಯ ತಾಯಿಗೆ ಫೋನ್ ಮಾಡಿದೆ, ಅವನಿಗೂ ಮಾಡಿದೆ. ಅವನು ಎತ್ತಿದ, ಹೂಂನ್ರಿ ಎಂದ, ಇಟ್ಟ.

ಅಮಾವಾಸ್ಯೆಯ ಬೆಳಿಗ್ಗೆ ಒಂಬತ್ತಕ್ಕೇ ನಾನು ದೇವದುರ್ಗದ ಕೋಣೆಯಲ್ಲಿದ್ದೆ. ಆಯಾ ಬಾಗಿಲು ತೆರೆಯುತ್ತಾ, ಕೂಸು ನಿನ್ನೆಯೂ ಬಂದಿತ್ತು ಎಂದಳು. ಮತ್ತೆ ದಿನ ತಪ್ಪಿಸಿದೆನೇ? ಗೋಡೆಯ ಕ್ಯಾಲೆಂಡರ್ ನೋಡಿದೆ, ಫೋನು ನೋಡಿದೆ. ತಪ್ಪಿರಲಿಲ್ಲ. ಹತ್ತೂವರೆಗೆ ತಾಯಿ ಮಗಳು ಬಂದಾಗ ತಾಯಿಯನ್ನೇ ಕೇಳಿದೆ.

“ಹ್ವಾದ ಸಲ ಅಪ್ಪ ಒಂದಿನ ಮೊದಲ ಬಂದು ಹೋಗ್ಯಾನಲ್ರಿ, ಈ ಸಲಾನೂ ಹಂಗ ಬಂದ್ರ ಅಂತ ಹಟಾ ಹಿಡೀತ್ರಿ. ಕೇಳಲೇ ಇಲ್ಲ,” ಎಂದಳು.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಅವನು ಬಂದ. ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ಹಾಕಿದ್ದ. ಈ ಸಲ ಮಗಳು ಒಂದು ಗಂಟೆ ತಡೆಯಲಿಲ್ಲ. ಅವನು ನೆಲದ ಮೇಲೆ ಕೂತು ಸುತಳಿ ಬಿಚ್ಚಿ, ಚಪ್ಪಲಿ ತೆಗೆದು ಅವಳ ಕಾಲಿಗೆ ಹಾಕಿದ. ಸರಿಯಾಗಿದ್ದವು. ಅವಳು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಟಪಟಪ ನಡೆದು ತೋರಿಸಿದಳು. ತಾಯಿ ಹೊರಗೆ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

ನಾಲ್ಕಕ್ಕೆ ಅವನು ಬಸ್ಸಿಗೆ ಹೊರಟ. ಅವನು ಕಾಣುವಷ್ಟು ಹೊತ್ತು ನೋಡಿ, ಹುಡುಗಿ ನನ್ನ ಹತ್ತಿರ ಬಂದಳು.

“ನಾಳಿ ಬಾಗಲಾ ತಗದಿರ್ತದೇನ್ರಿ?”

ನಾಳೆ ಅಪ್ಪನಿಗೆ ಮಿಲ್ಲು ಇದೆ, ಬರುವುದಿಲ್ಲ ಎಂದು ತಾಯಿ ಹೇಳಿದಳು. ಹುಡುಗಿ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಬಂದ್ರ?”

ತೆಗೆದಿರುತ್ತದೆ ಎಂದೆ. ಅಲ್ಲೇ ನಿಂತು ಫೋನಿನಲ್ಲಿ ಮರುದಿನದ ತಾರೀಖು ತೆರೆದು, ದೇವದುರ್ಗ, ಹನ್ನೊಂದರಿಂದ ನಾಲ್ಕು ಎಂದು ಬರೆದುಕೊಂಡೆ.

ಮರುದಿನ ಮತ್ತೆ ಅದೇ ಬಸ್ಸಿಗೆ ಬಂದು ಕೋಣೆಯ ಬಾಗಿಲು ತೆರೆಸಿದೆ. ಹುಡುಗಿ ಹೊಸ ಚಪ್ಪಲಿ ಹಾಕಿಕೊಂಡು ಬಂದು, ಮೊಳೆಯ ಕೆಳಗೆ ಗೋಡೆಗೆ ಒರಗಿ, ಬಾಗಿಲ ಕಡೆ ನೋಡುತ್ತ ಕೂತಳು. ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಯಾರೂ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ನಾಲ್ಕಾಗುವವರೆಗೆ ನಾನೂ ಏಳಲಿಲ್ಲ.